ಮಡಿಕೋಲು ಮತ್ತು ಮುದಿ ನಾಯಿ

ನಮ್ಮ ನಾಯಿ ನನ್ನ ಕಾಲಿಗೆ ಬಾಯಿ ಹಾಕಿದ್ದು ಕಾರಣ ಇಲ್ಲದೆ ಅಲ್ಲ. ಕಾರಣ ಗೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ನಾನು ಅದನ್ನು ಯಾರಿಗೂ ಹೇಳಲಿಲ್ಲ. ನಾನು ಹೇಳದೆ ಕೂತ ಆ ಎರಡು ವಾರದಲ್ಲಿ ನಾಯಿಗೆ ಸಾಯುವ ಇಂಜೆಕ್ಷನ್ ಕೊಡಿಸುವ ಮಾತು ಬಂತು.

ನಾವು ಕಾಸರಗೋಡಿನ ಕಡೆಯವರು. ಅಳಿಯಂದಿರಿಗೆ ಸರ್ಕಾರದ ಕಾನೂನು ವಿಭಾಗದಲ್ಲಿ ಕೆಲಸ. ಗಂಡ ತೀರಿಕೊಂಡ ಮೇಲೆ ನಾನು ಮಗಳ ಮನೆಗೆ, ಎರ್ನಾಕುಲಂಗೆ ಬಂದೆ. ಮೊಮ್ಮಗಳು ಹತ್ತನೇ ಕ್ಲಾಸಿನಲ್ಲಿರುವಾಗ ಒಂದು ದಿನ ಶಾಲೆಯ ಚೀಲದಲ್ಲಿ ಹಾಕಿಕೊಂಡು ತಂದದ್ದು ಈ ನಾಯಿಯನ್ನು. ಜಾತಿ ನಾಯಿ ಏನಲ್ಲ, ಬೀದಿಯದ್ದು, ಕಂದು ಬಣ್ಣ. ನಾನು ಬೇಡ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾದರೆ ಅಡುಗೆಮನೆಗೂ ದೇವರ ಕೋಣೆಗೂ ಬರಬಾರದು, ಮಡಿಯಲ್ಲಿರುವಾಗ ನನ್ನನ್ನು ಮುಟ್ಟಬಾರದು ಎಂದು ನಾಯಿಗೇ ಹೇಳಿದೆ. ಅದು ಕೇಳಿತು. ಆ ಮನೆಯಲ್ಲಿ ನನ್ನ ಮಾತು ಕೇಳಿದ್ದು ಅದೊಂದೇ. ಮೊಮ್ಮಗಳು ಇಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾಯಿ ಎಂದರೆ ಬರುತ್ತಿತ್ತು, ಅಷ್ಟು ಸಾಕು.

ಹದಿಮೂರು ವರ್ಷ ಅದು ಯಾರ ಮೈಗೂ ಹಲ್ಲು ತಾಗಿಸಲಿಲ್ಲ. ಮೊಮ್ಮಗಳು ಮದುವೆಯಾಗಿ ಅಲ್ಲೇ ಎರ್ನಾಕುಲಂನಲ್ಲಿ ಸಂಸಾರ ಹೂಡಿದಳು, ಒಂದು ಹೆಣ್ಣು ಮಗುವೂ ಆಯಿತು. ಕಳೆದ ವರ್ಷ ಅಳಿಯಂದಿರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಬಾಡಿಗೆ ಮನೆ ಸಿಕ್ಕಿತು. ನಾಯಿಯೂ ನಮ್ಮ ಜೊತೆ ಬಂತು.

ಈ ಮನೆ ಉದ್ದಕ್ಕೆ ರೈಲಿನ ಡಬ್ಬಿಯ ಹಾಗೆ ಇದೆ. ಬಚ್ಚಲು ಒಂದು ತುದಿಯಲ್ಲಿ, ಅಡುಗೆಮನೆ ಇನ್ನೊಂದು ತುದಿಯಲ್ಲಿ, ನಡುವೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ. ಆ ಓಣಿಯ ನೆಲ ತಂಪು. ನಾಯಿ ಅಲ್ಲೇ ಮಲಗುವ ಅಭ್ಯಾಸ ಮಾಡಿಕೊಂಡಿತು. ನಾನು ಬೆಳಿಗ್ಗೆ ಸ್ನಾನ ಮಾಡಿ ಮಡಿ ಸೀರೆ ಉಟ್ಟು ಆ ದಾರಿಯಲ್ಲೇ ಹೋಗಬೇಕು. ಎರ್ನಾಕುಲಂನಲ್ಲಿ ಬಚ್ಚಲು ಅಡುಗೆಮನೆಗೆ ತಾಗಿಯೇ ಇತ್ತು, ಈ ತೊಂದರೆ ಇರಲಿಲ್ಲ.

ಮೊದಲ ದಿನ "ಏಳು" ಎಂದೆ. ಏಳಲಿಲ್ಲ. ಚಪ್ಪಾಳೆ ತಟ್ಟಿದೆ. ಕಿವಿಯೂ ಅಲ್ಲಾಡಲಿಲ್ಲ. ಮುದಿಯಾದ ಮೇಲೆ ಸೊಕ್ಕು ಬಂದಿದೆ ಎಂದುಕೊಂಡೆ. ಬಚ್ಚಲಿನ ಬಾಗಿಲ ಹಿಂದೆ ನನ್ನ ಮಡಿಕೋಲು ಇತ್ತು. ಮಡಿ ಬಟ್ಟೆಯನ್ನು ಯಾರೂ ಮುಟ್ಟದ ಹಾಗೆ ಎತ್ತರದ ಹಗ್ಗಕ್ಕೆ ಹಾಕಿ ತೆಗೆಯುವ ಉದ್ದ ಬಿದಿರಿನ ಕೋಲು. ಅದರ ತುದಿಯಿಂದ ಹಿಂದಿನಿಂದಲೇ ಸೊಂಟಕ್ಕೆ ಒಂದು ತಿವಿದೆ. ನಾಯಿ ಬೆಚ್ಚಿ ಎದ್ದು ಕುಂಟಿಕೊಂಡು ಹೋಯಿತು. ಮರುದಿನವೂ ಹಾಗೇ. ಒಂದು ತಿಂಗಳು ಹಾಗೇ. ಕೊನೆಗೆ ಒಂದು ಬೆಳಿಗ್ಗೆ ಅದು ತಿರುಗಿ ಮೊದಲು ಕೋಲನ್ನು ಹಿಡಿಯಿತು, ಆಮೇಲೆ ನನ್ನ ಮೀನಖಂಡವನ್ನು.

ಮಗಳು ಓಡಿ ಬಂದಳು. "ಎಂತಾಯ್ತಮ್ಮ?"

"ಸುಮ್ಮನೆ ನಡ್ಕೊಂಡು ಬರ್ತಿದ್ದೆ. ಹಾರಿ ಕಚ್ಚಿತು."

ಕೋಲನ್ನು ಬಾಗಿಲ ಹಿಂದೆ ಇಟ್ಟೇ ಕೂಗಿದ್ದೆ. ಸತ್ಯ ಹೇಳಿದರೆ ಮಗಳು "ಈ ವಯಸ್ಸಲ್ಲಿ ಎಂತದಮ್ಮ ಮಡಿ" ಎಂದು ಶುರು ಮಾಡುತ್ತಾಳೆ ಎಂದು ಗೊತ್ತಿತ್ತು. ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ಅಲ್ಲಿಯೂ ಅದೇ ಸುಳ್ಳು ಹೇಳಿದೆ.

ನಾಲ್ಕು ದಿನ ಬಿಟ್ಟು ಅಳಿಯಂದಿರ ಸರದಿ. ಓಣಿಯಲ್ಲಿ ಮಲಗಿದ್ದ ನಾಯಿಯನ್ನು ಕುತ್ತಿಗೆಯ ಪಟ್ಟಿ ಹಿಡಿದು ಎಬ್ಬಿಸಲು ಹೋದರು. ಕೈಗೆ ಕಚ್ಚಿತು. ಆ ಹೊತ್ತಿಗೇ ಮೊಮ್ಮಗಳ ಫೋನು ಬಂತು, ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದು. ಮಗುವಿಗೆ ಆಗ ಒಂದೂವರೆ ವರ್ಷ, ಕಂಡದ್ದಕ್ಕೆಲ್ಲ ಕೈ ಹಾಕುವ ಪ್ರಾಯ. ವಿಷಯ ಕೇಳಿ ಅವಳು ಅತ್ತಳು. ನಾವು ಕನ್ನಡದಲ್ಲಿ ಹೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವವಳು ಅವಳು. ಅವತ್ತೂ "ಪೇಡಿಯುಂಡು ಅಜ್ಜೀ, ಹೆದರಿಕೆ ಆಗ್ತದೆ" ಎಂದು ಎರಡೂ ಸೇರಿಸಿ ಹೇಳಿದಳು.

ಅಳಿಯಂದಿರು ಕಾಗದಪತ್ರದ ಮನುಷ್ಯ. ನಾಯಿಗೆ ಸಾಯುವ ಇಂಜೆಕ್ಷನ್ ಕೊಡಲು ನಮ್ಮ ಒಪ್ಪಿಗೆ ಇದೆ ಎಂದು ಒಂದು ಹಾಳೆ ಬರೆದು ಸಹಿ ಹಾಕಿ ಕಿಸೆಯಲ್ಲಿ ಇಟ್ಟುಕೊಂಡರು. ಶನಿವಾರ ಪಶುವೈದ್ಯರ ಹತ್ತಿರ ಹೋಗುವುದು ಎಂದು ತೀರ್ಮಾನವಾಯಿತು. ನಾನೂ ಬರುತ್ತೇನೆ ಎಂದೆ.

"ನೀನ್ಯಾಕಮ್ಮ?" ಎಂದಳು ಮಗಳು.

"ಕಚ್ಚಿಸಿಕೊಂಡವಳು ನಾನಲ್ವಾ."

ಡಾಕ್ಟರು ಮೊಮ್ಮಗಳ ಪ್ರಾಯದ ಹುಡುಗಿ. ಮಾತೆಲ್ಲ ಮಲಯಾಳದಲ್ಲಿ. ನಮ್ಮ ಊರಿನವರಿಗೆ ಅದೇನು ಹೊಸತಲ್ಲ. ಅಳಿಯಂದಿರು ಹಾಳೆ ತೆಗೆಯುವ ಮೊದಲೇ ಅವಳು ನಾಯಿಯ ಬಾಯಿಗೆ ಬಲೆಯಂಥದ್ದು ಕಟ್ಟಿ ನೆಲದ ಮೇಲೆ ಅದರ ಪಕ್ಕ ಕೂತಳು. ನಾಯಿಯ ಬೆನ್ನ ಹಿಂದೆ ಒಂದು ಸ್ಟೀಲಿನ ತಟ್ಟೆ ಬೀಳಿಸಿದಳು. ನಾನು ಬೆಚ್ಚಿದೆ, ಮಗಳು ಬೆಚ್ಚಿದಳು. ನಾಯಿ ಗೋಡೆ ನೋಡುತ್ತಾ ಕೂತಿತ್ತು.

"ಇದಕ್ಕೆ ಕಿವಿ ಕೇಳುವುದಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮೂಮ್ಮ, ಕಚ್ಚುವ ಮೊದಲು ಅದು ಎಲ್ಲಿತ್ತು? ನೀವು ಎಲ್ಲಿದ್ದಿರಿ? ಕೈಯಲ್ಲಿ ಏನಿತ್ತು?" ಎಂದು ಕೇಳಿದಳು.

ಅಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು, ಕೈಯಲ್ಲಿ ಏನಿತ್ತು ಎಂದು. ಇನ್ನೊಂದು ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಆ ಹಾಳೆ ಕಿಸೆಯಿಂದ ಹೊರಗೆ ಬರುತ್ತಿತ್ತು, ಅಷ್ಟು ನನಗೆ ಗೊತ್ತಿತ್ತು.

"ಕೋಲು" ಎಂದೆ. "ಒಂದು ತಿಂಗಳು ದಿನಾ ತಿವಿದೆ. ಹಿಂದಿನಿಂದ."

"ಎಲ್ಲಿ?"

ತೋರಿಸಿದೆ. ಅವಳು ಅಲ್ಲಿ ಬೆರಳು ಇಟ್ಟದ್ದೇ ನಾಯಿ ಬಲೆಯ ಒಳಗಿಂದ ಕಿರುಚಿತು. ಎಕ್ಸ್‌ರೇ ತೆಗೆದರು. ಸೊಂಟದ ಕೀಲು ಎರಡೂ ಸವೆದಿತ್ತು. ಕೀಲುನೋವು ಎಂದರೆ ಏನೆಂದು ನನಗೆ ಡಾಕ್ಟರು ಹೇಳಿಕೊಡಬೇಕಾಗಿಲ್ಲ. ನನ್ನ ಸೊಂಟಕ್ಕೆ ಯಾರಾದರೂ ದಿನಾ ಬೆಳಿಗ್ಗೆ ಬಿದಿರಿನಿಂದ ತಿವಿದಿದ್ದರೆ ನಾನು ತಿಂಗಳು ಕಾಯುತ್ತಿರಲಿಲ್ಲ.

ಅಳಿಯಂದಿರು ನನ್ನ ಕಡೆ ತಿರುಗಿದರು. "ಅತ್ತೆ, ಇದನ್ನು ಮೊದಲೇ ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನೀವು ಕೋಲು ಮುರೀತಿದ್ದಿರಿ."

"ಈಗ ಮುರಿಯುದಿಲ್ಲ ಅಂತ ಯಾರು ಹೇಳಿದ್ದು?"

 ಮಗಳು ನಾಯಿಯ ಬೆನ್ನು ಸವರುತ್ತಾ ಕೂತಿದ್ದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಡಾಕ್ಟರು ಅಳಿಯಂದಿರನ್ನೂ ಬಿಡಲಿಲ್ಲ. ಕಚ್ಚುವ ಮೊದಲು ಗುರುಗುಟ್ಟಿತ್ತಾ ಎಂದು ಕೇಳಿದಳು. ಮೊದಮೊದಲು ಗುರುಗುಟ್ಟುತ್ತಿತ್ತು, ಪ್ರತಿ ಸಲವೂ ಮೂಗಿನ ಮುಂದೆ ಬೆರಳು ಆಡಿಸಿ ಗದರಿಸಿ ಅದನ್ನು ಬಿಡಿಸಿದೆ ಎಂದು ಇವರು ಸ್ವಲ್ಪ ಜಂಬದಿಂದಲೇ ಹೇಳಿದರು. "ಹತ್ತಿರ ಬರಬೇಡ ಎನ್ನಲು ಅದಕ್ಕೆ ಇದ್ದದ್ದು ಅದೊಂದೇ ಮಾತು ಸಾರ್" ಎಂದಳು ಅವಳು. "ಅದನ್ನೂ ಬಿಡಿಸಿದರೆ ಉಳಿಯುವುದು ಹಲ್ಲು ಮಾತ್ರ." ಅಳಿಯಂದಿರು ಕಿಸೆಗೆ ಕೈ ಹಾಕಲಿಲ್ಲ. ಆ ಹಾಳೆ ಒಂದು ವಾರದ ಮೇಲೆ ಬಟ್ಟೆ ಒಗೆಯುವಾಗ ಮಗಳಿಗೆ ಮುದ್ದೆಯಾಗಿ ಸಿಕ್ಕಿತು.

ಡಾಕ್ಟರು ನೋವಿಗೆ ಮಾತ್ರೆ ಬರೆದುಕೊಟ್ಟಳು. ಬಾಳೆಹಣ್ಣಿನ ಒಳಗೆ ಇಟ್ಟು ಕೊಡುವ ಕೆಲಸ ನಾನೇ ತೆಗೆದುಕೊಂಡೆ. ನಾಯಿಯ ಹಾಸಿಗೆಯನ್ನು ಓಣಿಯಿಂದ ತೆಗೆದು ಚಾವಡಿಯ ಮೂಲೆಗೆ, ಬರುವವರು ಅದರ ಕಣ್ಣಿಗೆ ಬೀಳುವ ಹಾಗೆ ಹಾಕಿದೆವು. ಮಲಗಿದ್ದರೆ ಯಾರೂ ಮುಟ್ಟುವ ಹಾಗಿಲ್ಲ. ಎಬ್ಬಿಸಬೇಕಾದರೆ ಎದುರಿಗೆ ನಿಂತು ನೆಲಕ್ಕೆ ಕಾಲು ತಟ್ಟಬೇಕು, ಆ ಅದುರು ಅದಕ್ಕೆ ಗೊತ್ತಾಗುತ್ತದೆ. ಮಡಿ ನಾನು ಬಿಡಲಿಲ್ಲ. ಒಂದೊಂದು ದಿನ ನಾಯಿ ಹಳೇ ಜಾಗಕ್ಕೇ ಹೋಗಿ ಬಿದ್ದುಕೊಂಡಿರುತ್ತದೆ. ಆಗ ಬಚ್ಚಲಿನ ಹೊರಬಾಗಿಲಿಂದ ಅಂಗಳಕ್ಕೆ ಇಳಿದು ಮನೆಗೆ ಸುತ್ತು ಹಾಕಿ ಅಡುಗೆಮನೆಯ ಹಿಂಬಾಗಿಲಿಂದ ಬರುತ್ತೇನೆ. ಮಳೆ ಬಂದರೆ ಕೊಡೆ ಹಿಡಿಯುತ್ತೇನೆ. ಪಕ್ಕದ ಮನೆಯವಳು ಮೊದಲು ನಿಂತು ನೋಡುತ್ತಿದ್ದಳು, ಈಗ ನೋಡುವುದಿಲ್ಲ.

ಎರಡು ವಾರಕ್ಕೆ ನಾಯಿಯ ನಡಿಗೆ ಸ್ವಲ್ಪ ಸಡಿಲವಾಯಿತು. ಆದರೂ ಮೊಮ್ಮಗಳು ಬರುವ ದಿನ ಹತ್ತಿರವಾದ ಹಾಗೆ ನನಗೆ ಊಟ ಸೇರಲಿಲ್ಲ. ಕಚ್ಚಿದರೆ ಮಗುವಿನ ಮುಖಕ್ಕೇ ಕಚ್ಚುತ್ತದೆ, ಮಗುವಿನ ಎತ್ತರ ಅಷ್ಟೇ. ಹಾಗೇನಾದರೂ ಆದರೆ ಮತ್ತೆ ಯಾವ ಡಾಕ್ಟರೂ ನಾಯಿಯ ಪರ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ. ಅಳಿಯಂದಿರು ಚಾವಡಿಯ ಮೂಲೆಗೆ ಅಡ್ಡ ಸೊಂಟದ ಎತ್ತರಕ್ಕೆ ಹಲಗೆಗಳನ್ನು ಹೊಡೆಸಿದರು, ಆಚೆ ಈಚೆ ಕಾಣುವ ಹಾಗೆ ನಡುವೆ ಸಂದು ಬಿಟ್ಟು. ಮೊಮ್ಮಗಳನ್ನು ತಂಪಾನೂರಿನ ರೈಲು ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬಂದರು.

ಮೊದಲ ದಿನ ಅವಳು ಮಗುವನ್ನು ಸೊಂಟದಿಂದ ಇಳಿಸಲಿಲ್ಲ. ಎರಡನೆಯ ದಿನ ಬೆಳಿಗ್ಗೆ ನಾವೆಲ್ಲ ಚಾವಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಮಗು ತಟಕ್ಕನೆ ಹಲಗೆಯ ಹತ್ತಿರ ಹೋಗಿ ಕೈಯಲ್ಲಿದ್ದ ಸೌಟಿನಿಂದ ಬಡಿಯಿತು. ಆ ಅದುರಿಗೆ ನಾಯಿ ತಲೆ ಎತ್ತಿತು. ತುಟಿ ಮೇಲಕ್ಕೆ ಹೋಯಿತು. ಗುರ್ ಎಂದಿತು, ದೀರ್ಘವಾಗಿ, ಹೊಟ್ಟೆಯ ಒಳಗಿಂದ.

ಅಳಿಯಂದಿರು ಗದರಿಸಲು ಬೆರಳು ಎತ್ತಿದವರು ಹಾಗೇ ಇಳಿಸಿದರು. ಮೊಮ್ಮಗಳು ಮಗುವನ್ನು ಎತ್ತಿಕೊಂಡು ಈಚೆ ಬಂದಳು. ನಾಯಿ ತಲೆಯನ್ನು ಮತ್ತೆ ಕಾಲ ಮೇಲೆ ಇಟ್ಟಿತು.

ತಿಂಗಳುಗಳಿಂದ ಅದರ ಆ ಸ್ವರ ನಾವು ಕೇಳಿರಲಿಲ್ಲ. ಮೊಮ್ಮಗಳ ಮುಖ ಬಿಳಿಚಿತ್ತು. ನನಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು.

"ಹೇಳಿತಲ್ಲ" ಎಂದೆ ಅವಳಿಗೆ. "ಹೇಳದೆ ಕಚ್ಚುವ ನಾಯಿ ಅಲ್ಲ ಅದು. ಕೂತ್ಕೋ, ಚಹಾ ಆರ್ತದೆ."

ಅವಳು ಕೂತಳು. ಮಗುವಿನ ಕೈಯಿಂದ ಸೌಟನ್ನು ನಾನು ತೆಗೆದಿಟ್ಟೆ. ಅವರು ಇನ್ನೂ ನಾಲ್ಕು ದಿನ ಇದ್ದು ಹೋದರು. ಯಾರಿಗೂ ಹಲ್ಲು ತಾಗಲಿಲ್ಲ.