ಬುಟ್ಟಿಚೆಂಡಿನ ಐದು ಅಂಗಿಗಳು

ಬೀದರದಲ್ಲಿ ಒಂದು ಕಾಲಕ್ಕೆ ಭಾರಿ ಬುಟ್ಟಿಚೆಂಡಿನ ತಂಡವಿತ್ತು, ಭಾಲ್ಕಿಯವರನ್ನು ಅವರ ಊರಲ್ಲೇ ಸೋಲಿಸಿ ಬಂದಿತ್ತು ಎಂದು ಈಗಲೂ ಕೆಲವರು ಹೇಳುವುದುಂಟು. ಹೇಳಲಿ. ಆ ತಂಡದ ಐದೂ ಅಂಗಿಗಳನ್ನು ಕೈಯಲ್ಲಿ ಹೊಲಿದವಳು ನಾನು. ಯಾರ ಅಂಗಿ ಬೆವರಿಗೆ ಬೆಳ್ಳಗೆ ಉಪ್ಪುಗಟ್ಟುತ್ತಿತ್ತು, ಯಾರದು ಇಸ್ತ್ರಿ ಮುರಿಯದೆ ಹಾಗೇ ವಾಪಸ್ಸು ಬರುತ್ತಿತ್ತು ಎಂಬುದು ನನಗೆ ಗೊತ್ತು.

ಆಗ ನಿಜಾಮರ ರಾಜ್ಯ. ಗಂಡ ತೀರಿಕೊಂಡ ಮೇಲೆ ನಾನು ಔರಾದದಲ್ಲಿ ಮೈದುನನ ಮನೆಯಲ್ಲಿದ್ದೆ. ಅಲ್ಲಿ ಎಲ್ಲರ ಊಟವಾದ ಮೇಲೆ ಬುಟ್ಟಿಯಲ್ಲಿ ಉಳಿದ ಒಣರೊಟ್ಟಿ ನನ್ನ ಪಾಲು. ಅಷ್ಟರಲ್ಲಿ ನನ್ನ ತಮ್ಮನಿಗೆ ಬೀದರದ ಒಂದು ಕಚೇರಿಯಲ್ಲಿ ಚಪ್ರಾಸಿಯ ಕೆಲಸ ಸಿಕ್ಕಿತು. ಕಾಯಂ ಅಲ್ಲ, ಹಂಗಾಮಿ. ಅವನು ಬೀದರದ ಅಂಚಿನ ಮೈಲೂರಿನಲ್ಲಿ ಒಂದು ಕೋಣೆ ಹಿಡಿದು ನನ್ನನ್ನು ಕರೆಸಿಕೊಂಡ. ಆ ಕೋಣೆಯ ಒಲೆ ನನ್ನದು. ಹಂಚಿನಿಂದ ಇಳಿದ ಮೊದಲ ಬಿಸಿ ರೊಟ್ಟಿಯನ್ನು ನಾನೇ ತಿಂದರೂ ಕೇಳುವವರಿರಲಿಲ್ಲ. ಕೆಲಸ ಕಾಯಂ ಆದರೆ ಆ ಒಲೆ ಉಳಿಯುತ್ತದೆ. ಇಲ್ಲವಾದರೆ ಅವನು ಮತ್ತೆ ಅಪ್ಪನ ಕುರಿಗಳ ಹಿಂದೆ, ನಾನು ಮತ್ತೆ ಮೈದುನನ ಮನೆಗೆ.

ಕಚೇರಿಯ ಕಾಗದಗಳನ್ನೆಲ್ಲ ಮೇಲಿನವರ ಮುಂದೆ ಇಡುತ್ತಿದ್ದವರು ಪೇಶ್ಕಾರ ಸಾಹೇಬರು. ಅವರು ಹೈದರಾಬಾದಿನಲ್ಲಿ ಈ ಆಟ ನೋಡಿ, ಕುಂಬಳಕಾಯಿಯಷ್ಟು ದೊಡ್ಡ ತೊಗಲಿನ ಚೆಂಡು ತಂದರು. ಕಚೇರಿಯ ಹಿಂದಿನ ಬಯಲಿನಲ್ಲಿ ಕಂಬ ನೆಡಿಸಿ, ಮೇದಾರನನ್ನು ಕರೆದು ತಳವಿಲ್ಲದ ಬುಟ್ಟಿ ಹೆಣೆದುಕೊಡು ಎಂದರು.

"ತಳ ಇಲ್ಲದ ಬುಟ್ಟಿ ನಾ ಹೆಣ್ಯಾಂಗಿಲ್ಲರಿ," ಎಂದನಂತೆ ಅವನು. "ನಾಳಿ ಸಂತ್ಯಾಗ ನನ್ನ ಬುಟ್ಟಿ ಯಾರ್ ತಗೋತಾರ್ರಿ?"

ತಳವಿದ್ದ ಬುಟ್ಟಿಯೇ ಕಂಬಕ್ಕೇರಿತು. ಚೆಂಡು ಒಳಗೆ ಬಿದ್ದಾಗಲೆಲ್ಲ ಆಟ ನಿಲ್ಲಬೇಕು. ನನ್ನ ತಮ್ಮ ಏಣಿ ತಂದು, ಹತ್ತಿ, ಚೆಂಡು ತೆಗೆಯಬೇಕು. ಅಷ್ಟರಲ್ಲಿ ಸಾಹೇಬರು ಒಂದು ಪಾನ್ ಹಾಕಿಕೊಳ್ಳುತ್ತಿದ್ದರು. ಪಾನ್ ಮುಗಿಯುವ ತನಕ ಅವನು ಚೆಂಡು ಹಿಡಿದುಕೊಂಡು ಏಣಿಯ ಮೇಲೇ ನಿಂತಿರಬೇಕು. ಇದನ್ನು ಅವರು ಆಟವೆಂದು ಕರೆಯುತ್ತಿದ್ದರು.

ಮೊದಲು ಶೇರವಾನಿಯಲ್ಲೇ ಆಡಿದರು. ಬಗಲುಗಳು ಹರಿದ ಮೇಲೆ ಅಂಗಿ ಹೊಲಿಯುವ ಹುಕುಂ ನನಗೆ ಬಂತು. ಬಟ್ಟೆ ಅವರದು, ದಾರ ನನ್ನದು. ಸಾಹೇಬರು ಗೊಂಡೆಯ ಕೆಂಪು ಟೋಪಿಯನ್ನು ಮಾತ್ರ ಕೊನೆಯ ತನಕ ಬಿಡಲಿಲ್ಲ. ಅವರ ಜೊತೆ ನಾಲ್ವರು ಗುಮಾಸ್ತರು ಆಡುತ್ತಿದ್ದರು. ಅವರಲ್ಲೊಬ್ಬ ಕಚೇರಿಯ ಮೆಟ್ಟಿಲಿಳಿಯುವಾಗಲೇ ಕಾಲು ಉಳುಕಿಸಿಕೊಂಡಿದ್ದರಿಂದ ಐದನೆಯ ಅಂಗಿ ನನ್ನ ತಮ್ಮನಿಗೆ ಬಂತು. ಎಲ್ಲರೂ ಹೋದ ಮೇಲೆ, ಏಣಿ ಒಳಗಿಡುವ ಮುನ್ನ, ಅವನೊಬ್ಬನೇ ಎಸೆದು ಎಸೆದು ಕೈ ಪಳಗಿಸಿಕೊಂಡಿದ್ದ. ಬಿದ್ದ ಚೆಂಡಿಗೆ ತಾನೇ ಹತ್ತಬೇಕೆಂದು ಗೊತ್ತಿದ್ದೂ ಎಸೆಯುತ್ತಿದ್ದ.

ಆದರೆ ಆ ಕೈಗೆ ಅಲ್ಲಿ ಕೆಲಸವಿರಲಿಲ್ಲ. ಚಪ್ರಾಸಿ ಹಿಡಿದ ಚೆಂಡು ಗುಮಾಸ್ತನಿಗೆ, ಗುಮಾಸ್ತನಿಂದ ಸಾಹೇಬರಿಗೆ, ಅರ್ಜಿ ಹೋದ ಹಾಗೆ ಹೋಗಬೇಕು. ಬುಟ್ಟಿಯ ಕೆಳಗೆ ನಿಂತ ಸಾಹೇಬರ ತಲೆಯ ಮೇಲಿಂದ ಎಸೆಯುವುದು ಬೇಅದಬಿ, ದೊಡ್ಡವರಿಗೆ ಮಾಡಿದ ಅವಮರ್ಯಾದೆ.

"ಹಂಗಾದ್ರ ನೀ ಅಲ್ಲಿ ಮಾಡೋದರೆ ಏನೋ?" ಎಂದು ಕೇಳಿದೆ.

"ಓಡ್ತೇನಿ, ಹಿಡೀತೇನಿ, ಕೊಡ್ತೇನಿ."

"ಅವರು?"

"ಅವರು ತಪ್ಪಸ್ತಾರ, ಅಕ್ಕಾ. ಆಮ್ಯಾಲ ನಾವೆಲ್ಲಾ ವಾಹ್ ವಾಹ್ ಅಂತೇವಿ."

ಎರಡನೆಯ ವರ್ಷ ಭಾಲ್ಕಿಯ ಅಂಗಡಿಕಾರರೂ ಒಕ್ಕಲಿಗರೂ ಸೇರಿ ತಂಡ ಕಟ್ಟಿ, ಬಂದು ಆಡಿರಿ ಎಂದು ಹೇಳಿಕಳಿಸಿದರು. ಹೊರಡುವ ದಿನ ಸಾಹೇಬರು ನನ್ನ ಎದುರಿಗೇ ತಮ್ಮನಿಗೆ ಹೇಳಿದರು: "ಭಾಲ್ಕಿ ಗೆದ್ದು ಬಂದ್ವಿ ಅಂದ್ರ ನಿನ್ನ ಕಾಯಂ ಮಾಡೋ ಕಾಗದ ನಾನೇ ಮುಂದ ಇಡ್ತೇನಿ. ಜಬಾನ್ ಕೊಟ್ಟೇನಿ." ಅಡುಗೆಗೆಂದು ನಾನೂ ಬಂಡಿ ಹತ್ತಿದೆ. ದಾರಿಯುದ್ದಕ್ಕೂ ಆ ಮಾತನ್ನೇ ಮೆಲ್ಲುತ್ತಾ ಹೋದೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಿಕ್ಕಿಲ್ಲ.

ಭಾಲ್ಕಿಯವರು ಮೇದಾರನ ಹತ್ತಿರ ಹೋಗಿರಲಿಲ್ಲ. ಕಮ್ಮಾರನಿಂದ ಕಬ್ಬಿಣದ ಬಳೆ ಬಡಿಸಿ ಕಂಬಕ್ಕೆ ಹಾಕಿದ್ದರು. ಅವರ ಮೊದಲ ಚೆಂಡು ಬಳೆಯೊಳಗೆ ಬಿತ್ತು, ಕೆಳಗೂ ಬಂತು. ನಮ್ಮವರು ಮಾತ್ರ ರೂಢಿಯಂತೆ ಆಟ ನಿಲ್ಲಿಸಿ, ಕತ್ತೆತ್ತಿ, ಏಣಿಗಾಗಿ ಕಾಯುತ್ತಾ ನಿಂತರು. ಸಾಹೇಬರ ಕೈ ಪಾನಿನ ಡಬ್ಬಿಗೆ ಹೋಗಿತ್ತು. ಅಷ್ಟರಲ್ಲಿ ಭಾಲ್ಕಿಯವರು ಬಿದ್ದ ಚೆಂಡನ್ನೆತ್ತಿ ಮತ್ತೊಮ್ಮೆ ಹಾಕಿದರು.

ಆಮೇಲೆ ಚೆಂಡು ಮೆಟ್ಟಿಲು ಮೆಟ್ಟಿಲಾಗಿ ಸಾಹೇಬರ ಕೈಗೆ ಹೋಗುವುದನ್ನು ನೋಡಿ ಸುತ್ತ ನಿಂತ ಜನಕ್ಕೆ ನಗು ತಡೆಯಲಿಲ್ಲ.

"ಏ ಬೀದರದಾವ್ರ, ಚೆಂಡ್ ಹಾಕ್ಲಿಕ್ಕೂ ಅರ್ಜಿ ಬರೀತೀರೇನ್ರಿ?"

"ಮ್ಯಾಲಿಂದ ಮಂಜೂರಿ ಬರ್ಬೇಕಪ್ಪಾ, ತಡಿ!"

ನಮ್ಮ ಗುಮಾಸ್ತನೊಬ್ಬ ಸಾಹೇಬರಿಗೆಂದು ಎಸೆದದ್ದು ಎರಡು ಸಲ ಕೈತಪ್ಪಿ ಬಳೆಯೊಳಗೇ ಬಿತ್ತು. ಎರಡು ಸಲವೂ ಅವನು ಓಡಿಹೋಗಿ ಸಾಹೇಬರ ಕ್ಷಮೆ ಕೇಳಿದ. ಭಾಲ್ಕಿಯವರು ನಕ್ಕು ನಕ್ಕು ಆಟದ ಮೇಲಿನ ಲಕ್ಷ್ಯವನ್ನೇ ಬಿಟ್ಟಿದ್ದರು. ಹೀಗೆ ಎರಡೂ ಕಡೆ ಸಮ ಆಯಿತು. ಮುಗಿಯಲು ಇನ್ನು ಸ್ವಲ್ಪವೇ ಹೊತ್ತು ಎಂದು ಯಾರೋ ಕೂಗಿದಾಗ ಚೆಂಡು ನನ್ನ ತಮ್ಮನ ಕೈಯಲ್ಲಿತ್ತು. ಸಾಹೇಬರು ಕಂಬದ ಕೆಳಗೆ ಎರಡೂ ಕೈ ಚಾಚಿ, "ಇಧರ್! ಇಧರ್!" ಎನ್ನುತ್ತಿದ್ದರು. ಅವನು ನನ್ನ ಕಡೆ ನೋಡಿದ. ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನಾನು ಅಷ್ಟು ಗಂಡಸರ ನಡುವೆ ಸೆರಗಿನ ಅರಿವಿಲ್ಲದೆ ಎದ್ದು ನಿಂತು ಕೂಗಿದೆ:

"ಹಾಕೋ ತಮ್ಮಾ! ನೀನೇ ಹಾಕ್!"

ಹಾಕಿದ. ಚೆಂಡು ಸಾಹೇಬರ ಗೊಂಡೆಯನ್ನು ಸವರಿಕೊಂಡು ಹೋಗಿ ಬಳೆಯೊಳಗೆ ಬಿತ್ತು. ಟೋಪಿ ಮಣ್ಣಿಗೆ ಬಿತ್ತು. ಕುಣಿದವರು ಭಾಲ್ಕಿಯ ಜನ. ಗೆದ್ದ ನಮ್ಮ ಮೂವರು ಗುಮಾಸ್ತರು ಟೋಪಿಯತ್ತ ಓಡಿ, ಅದನ್ನೆತ್ತಲು ನಾ ಮುಂದು ತಾ ಮುಂದು ಎಂದು ಒಬ್ಬರ ಹಣೆಗೊಬ್ಬರು ಹಣೆ ಬಡಿದುಕೊಂಡರು.

ಮರಳುವಾಗ ಬಂಡಿಯಲ್ಲಿ ಒಬ್ಬ ಗುಮಾಸ್ತ ದಾರಿಯುದ್ದಕ್ಕೂ ಟೋಪಿಯ ಮಣ್ಣು ಕೊಡವುತ್ತಿದ್ದ. ಗೆದ್ದ ಹಿತ್ತಾಳೆಯ ಬಟ್ಟಲು ಸಾಹೇಬರ ತೊಡೆಯ ಮೇಲಿತ್ತು. ಎಂಟು ದಿನದಲ್ಲಿ ತಮ್ಮನನ್ನು ಕೆಲಸದಿಂದ ತೆಗೆದರು.

"ಗೆದ್ದೇವಲ್ಲರಿ ಸಾಹೇಬ್ರ, ಜಬಾನ್ ಕೊಟ್ಟಿದ್ರಿ," ಎಂದನಂತೆ ಅವನು.

"ಗೆದ್ದದ್ದು ಟೀಮು. ಟೋಪಿ ಬಿದ್ದದ್ದು ನಂದು," ಎಂದರಂತೆ ಅವರು, ತಲೆ ಕೂಡ ಎತ್ತದೆ.

ಮೈಲೂರಿನ ಒಲೆಯನ್ನು ನಾನೇ ಒಡೆದು, ಬೂದಿ ಗುಡಿಸಿ, ಬಾಗಿಲು ಹಾಕಿಕೊಂಡು ಬಂದೆ. ತಮ್ಮ ಮತ್ತೆ ಕುರಿಗಳ ಹಿಂದೆ ಹೋದ; ನನಗೆ ಮತ್ತೆ ಔರಾದ, ಮತ್ತೆ ಒಣರೊಟ್ಟಿ. ತಂಡ ಇನ್ನೊಂದು ವರ್ಷ ಆಡಿತು, ಒಂದು ಸಲವೂ ಗೆಲ್ಲಲಿಲ್ಲ. ಕೊನೆಗೆ ಸಾಹೇಬರ ಮನೆಯ ಅಡುಗೆಯವನು ಆ ಬುಟ್ಟಿಯನ್ನು ಇಳಿಸಿಕೊಂಡು ಹೋಗಿ ಉಳ್ಳಾಗಡ್ಡಿ ತುಂಬಿಟ್ಟನಂತೆ. ತಳವಿದ್ದ ಬುಟ್ಟಿ, ಅಷ್ಟರ ಮಟ್ಟಿಗೆ ಮೇದಾರನ ಬುದ್ಧಿಯೇ ಉಪಯೋಗಕ್ಕೆ ಬಂತು.

ಅದಕ್ಕೂ ಮುಂಚೆ, ನಾವು ಬೀದರ ಬಿಟ್ಟ ತಿಂಗಳಿಗೇ, ಅಲ್ಲಿಂದ ಔರಾದಕ್ಕೆ ಒಬ್ಬ ಆಳು ಬಂದ. ಗೆದ್ದ ತಂಡದ ಫೋಟೊ ತೆಗೆಸುತ್ತಾರಂತೆ. ಕಾಲು ಉಳುಕಿದ್ದ ಗುಮಾಸ್ತನಿಗೆ ತೊಡಿಸಲು ನನ್ನ ಗಂಟಿನಲ್ಲಿದ್ದ ಐದನೆಯ ಅಂಗಿ ಬೇಕಂತೆ.

"ಬಟ್ಟಿ ಸಾಹೇಬ್ರದಂತರಿ ಅಕ್ಕಾರ, ಕೊಡ್ರಿ," ಎಂದ.

"ಖರೇ ಅದ, ಕುಂದರಪ್ಪಾ," ಎಂದು ಅವನಿಗೆ ನೀರು ಕೊಟ್ಟೆ. ಕಟ್ಟೆಯ ಮೇಲೆ ಕೂತು ಸೂಜಿಯಿಂದ ತೋಳು, ಬಗಲು, ಕೊರಳು, ಅಂಚು ಎಲ್ಲ ಕಡೆಯ ಹೊಲಿಗೆ ಒಂದೊಂದಾಗಿ ಬಿಚ್ಚಿದೆ. ಮಧ್ಯಾಹ್ನವೆಲ್ಲ ಹಿಡಿಯಿತು. ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಮಡಿಸಿ ಅವನ ಕೈಗೆ ಕೊಟ್ಟೆ. ದಾರವನ್ನು ಕಡ್ಡಿಗೆ ಸುತ್ತಿಟ್ಟುಕೊಂಡೆ. ಆ ಚಳಿಗಾಲದಲ್ಲಿ ತಮ್ಮನ ಕೌದಿಗೆ ತೇಪೆ ಹಾಕಲು ಅದು ಸಾಕಾಯಿತು.