ಡಿಂಪ್ನಕ್ಕನ ಮೂರನೇ ಒತ್ತಾಯ

ನಮ್ಮ ಓಣಿಯ ಕೊನೇ ಮನೆ ಡಿಂಪ್ನಕ್ಕನದು. ಬೆಳಿಗ್ಗೆ ಹತ್ತಕ್ಕೆಲ್ಲ ಅಲ್ಲಿ ಹನ್ನೆರಡು ಸ್ಕೋನ್, ಅಂದರೆ ಬೆಣ್ಣೆ ಹಚ್ಚಿ ತಿನ್ನುವ ದುಂಡು ಬನ್ನು, ಬೆಂದು ತಯಾರು. ಮಜ್ಜಿಗೆ ಹಾಕಿದ ಹಿಟ್ಟನ್ನು ಅವಳು ನಾದುವುದಿಲ್ಲ, ನಿದ್ದೆಹೋದ ಮಗುವಿನ ಮಗ್ಗುಲು ಬದಲಿಸಿದ ಹಾಗೆ ಒಂದೇ ಸಲ ಮಗುಚುತ್ತಾಳೆ. ಲೋಟದ ಬಾಯಿಂದ ಬಿಲ್ಲೆ ಕತ್ತರಿಸುವಾಗ ನಾನು ಲೋಟವನ್ನು ತುಸು ತಿರುಚಿದರೆ ಮುಗೀತು: "ಕತ್ತು ತಿರುಚಿದ್ರೆ ಅದು ಉಬ್ಬುತ್ತೇನೋ, ದಡ್ಡಾ?" ಬಂದವರು ಪಾದ್ರಿಯಾಗಲಿ, ಮೀಟರ್ ಓದುವವನಾಗಲಿ, ಅವಳು ತಟ್ಟೆ ಮುಂದಿಟ್ಟಾಗ ನಮ್ಮ ಐರ್ಲೆಂಡಿನ ಮರ್ಯಾದೆಯಂತೆ ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ಸೋಲಬೇಕು. ಒಮ್ಮೆ ಹಸಿವಿಗೆ ನಾನು ಮೊದಲನೇ ಸಲಕ್ಕೇ ಕೈಚಾಚಿದೆ, "ಅಷ್ಟು ಬೇಗ ಒಪ್ಕೊಂಡ್ರೆ ನಾನು ಮಾತಾಡೋದ್ಯಾವಾಗ?" ಎಂದು ತಟ್ಟೆಯನ್ನೇ ಹಿಂದಕ್ಕೆಳೆದುಕೊಂಡಳು. ಈಗ ಓಣಿಯಲ್ಲಿ ವರ್ಷವಿಡೀ ಒಲೆ ಉರಿಯುವುದು ನಮ್ಮಿಬ್ಬರದೇ. ಉಳಿದವು ಬೇಸಿಗೆಯ ಬಾಡಿಗೆಮನೆಗಳು. ನಿನ್ನೆ ಮೊಟ್ಟೆ ಕೊಡಲು ಹೋದವನು ಹೊಸಿಲ ಹೊರಗೇ ನಿಂತೆ, ಒಳಗೆ ಯಾರೋ ನೆಂಟರು ಬಂದ ಹಾಗೆ ಮಾತು ಕೇಳುತ್ತಿತ್ತು. "ತಗೋ, ಬಿಸಿ ಇದೆ." "ಅಯ್ಯೋ, ಬೇಡ ಕಣೇ." "ಬೆಣ್ಣೆ ಹಚ್ಚಿದೀನಿ, ತಗೋ." "ಇಲ್ಲಮ್ಮ, ಈಗಷ್ಟೇ ತಿಂದೆ." ಕಿಟಕಿಯಲ್ಲಿ ಇಣುಕಿದೆ. ಮೇಜಿನ ಮುಂದೆ ಅವಳೊಬ್ಬಳೇ. ತಟ್ಟೆಯನ್ನು ಮೂರನೇ ಸಲ ತನ್ನ ಮುಂದಕ್ಕೇ ಸರಿಸಿಕೊಂಡು, "ಆಯ್ತು, ನೀನು ಬಿಡೋಳಲ್ಲ," ಎನ್ನುತ್ತ ಒಂದನ್ನು ಎತ್ತಿಕೊಂಡಳು.