ದಂಟಿನ ಸೊಪ್ಪಿನಲ್ಲಿ ಕಂಡ ಜೀವಕೋಶದ ಪೊರೆ

ನಾನು ಮದುವೆಯಾಗಿ ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಬಂದದ್ದು ಅರವತ್ತರ ದಶಕದಲ್ಲಿ. ಪೆಟ್ಟಿಗೆಯಲ್ಲಿ ಸೀರೆಗಳ ಜೊತೆ ಪಿಯುಸಿಯ ಜೀವಶಾಸ್ತ್ರದ ಪುಸ್ತಕವೂ ಬಂದಿತ್ತು. ಮಿಕ್ಕದ್ದೆಲ್ಲ ಪಾಸಾಗಿ ಅದೊಂದರಲ್ಲಿ ಫೇಲಾಗಿದ್ದೆ. ಅದನ್ನು ಮುಗಿಸಿದರೆ ಟೀಚರ್ ಟ್ರೈನಿಂಗಿಗೆ ಸೇರಬಹುದೆಂದು ಹೈಸ್ಕೂಲು ಮೇಷ್ಟರಾಗಿದ್ದ ನಮ್ಮ ಯಜಮಾನರು ಹುರಿದುಂಬಿಸುತ್ತಿದ್ದರು.

ಅತ್ತೆಯವರೂ ಓದಬೇಡವೆನ್ನುವವರಲ್ಲ. ತೊಡಕು ಹುಳುವಿನದು. ಚಿಂತಾಮಣಿಯಲ್ಲಿ ನನ್ನ ಪರೀಕ್ಷೆ ಇದ್ದ ಹೊತ್ತಿಗೇ ಮನೆಯಲ್ಲಿ ಸಾಕಿದ್ದ ರೇಷ್ಮೆಹುಳು ನಾಲ್ಕನೇ ಜ್ವರದಿಂದ ಏಳುವುದಿತ್ತು. ಜ್ವರವೆಂದರೆ ಕಾಯಿಲೆಯಲ್ಲ; ಹುಳು ಚರ್ಮ ಬದಲಿಸಲು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಮೇಲೆ ಅವಕ್ಕೆ ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಆಗ ಮನೆಯಲ್ಲಿ ಒಂದು ಆಳು ಕಮ್ಮಿಯಾದರೂ ಬೆಳೆ ಕೈಬಿಟ್ಟಂತೆ. ಪರೀಕ್ಷೆಗೆ ಹೋಗಲೇ ಎಂದಾಗಲೆಲ್ಲ ಅತ್ತೆ, "ನೋಡಣ" ಎಂದು ಹುಳುವಿನ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದರು.

ಇತ್ತ ನನ್ನ ತಲೆಗೆ ಹತ್ತದೆ ಕಾಡುತ್ತಿದ್ದುದು ಜೀವಕೋಶದ ಪೊರೆ. ಕೊಬ್ಬಿನ ಪದರ, ಅದರ ಎರಡೂ ಕಡೆ ಪ್ರೋಟೀನಿನ ಹಾಸು, ಬೇಕಾದ್ದನ್ನು ಬಿಡುತ್ತದೆ, ಬೇಡದ್ದನ್ನು ತಡೆಯುತ್ತದೆ ಎಂದು ಇಂಗ್ಲಿಷಿನಲ್ಲಿ ಉರುಹೊಡೆದಿದ್ದೆನೇ ಹೊರತು ಅದು ಏನೆಂದು ಹೊಳೆದಿರಲಿಲ್ಲ. ಕೆಂಪು ಈರುಳ್ಳಿಯ ಸಿಪ್ಪೆಯನ್ನು ಉಪ್ಪುನೀರಿನಲ್ಲಿಟ್ಟು ನೋಡಬೇಕೆಂದು ಪುಸ್ತಕ ಹೇಳುತ್ತಿತ್ತು. ಯಜಮಾನರು ಸೂಕ್ಷ್ಮದರ್ಶಕ ತರುತ್ತೇನೆಂದರು. ಆದರೆ ಹುಳು ಇರುವಷ್ಟು ದಿನ ಮನೆಯೊಳಗೆ ಈರುಳ್ಳಿ ಬರುವ ಹಾಗಿಲ್ಲ. ಒಗ್ಗರಣೆಯ ಘಾಟು, ಬೀಡಿಯ ಹೊಗೆ, ಯಾವುದೂ ಹುಳುವಿಗೆ ಆಗದು. ಪುಸ್ತಕ ಬರೆದವನ ಮನೆಯಲ್ಲಿ ಹುಳು ಸಾಕಿರಲಿಕ್ಕಿಲ್ಲ ಎಂದು ಅತ್ತೆ ನಕ್ಕು ಮಾತು ಮುಗಿಸಿದರು.

ಒಂದು ಬೆಳಿಗ್ಗೆ ಈರುಳ್ಳಿ ಇಲ್ಲದ ಬಸ್ಸಾರಿಗೆ ಕೆಂಪು ದಂಟಿನ ಸೊಪ್ಪು ತೊಳೆಯುತ್ತಿದ್ದೆ. ಎಷ್ಟು ಸಲ ಜಾಲಿಸಿದರೂ ನೀರು ತಿಳಿಯಾಗಿಯೇ ಇತ್ತು. ಅದೇ ಸೊಪ್ಪು ಬೇಯಿಸಿ ಬಸಿದರೆ ನೀರೆಲ್ಲ ಕೆಂಪು. ದಿನಾ ಮಾಡುತ್ತಿದ್ದ ಕೆಲಸ. ಆವತ್ತು ಬಸಿಯುವ ಕೈ ಅಲ್ಲೇ ನಿಂತಿತು. ಬಣ್ಣವನ್ನು ಅಷ್ಟು ಹೊತ್ತು ಒಳಗೆ ಹಿಡಿದಿಟ್ಟಿದ್ದವರು ಯಾರು?

"ಸೊಪ್ಪಲ್ಲಿ ಹುಳ ಐತಾ? ಹಂಗೆ ನೋಡ್ತಾ ನಿಂತಿದ್ದೀಯಲ್ಲಮ್ಮ," ಎಂದರು ಅತ್ತೆ.

ನಾನು ಹೇಳಿದೆ. ಎಲೆ ತುಂಬ ಕಣ್ಣಿಗೆ ಕಾಣದ ಕೋಣೆಗಳಿವೆ, ಒಂದೊಂದರ ಸುತ್ತಲೂ ಬಲು ತೆಳ್ಳನೆಯ ಪೊರೆಯಿದೆ, ನೀರು ಆಚೀಚೆ ಓಡಾಡುತ್ತದೆ, ಬಣ್ಣ ದಾಟಲಾರದು. ಬೆಂಕಿ ತಾಕಿದಾಗ ಪೊರೆಯ ಪ್ರೋಟೀನು ಕೆಡುತ್ತದೆ, ಕೊಬ್ಬು ಸಡಿಲಾಗುತ್ತದೆ, ಕಾವಲೇ ಇಲ್ಲದಾಗಿ ಬಣ್ಣ ಹೊರಕ್ಕೆ ಬೀಳುತ್ತದೆ.

ಅತ್ತೆ ಪಾತ್ರೆಯೊಳಗೆ ಇಣುಕಿದರು. "ಒಳಕ್ಕೆ ಯಾರು, ಹೊರಕ್ಕೆ ಯಾರು ಅಂತ ನೋಡ್ಕೊಳ್ಳೋಕೆ ಅದ್ರ ಮನೇಲೂ ಒಬ್ಬ ಅತ್ತೆ ಅವ್ಳೆ ಅನ್ನು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮುಂದೆ ನಾನೇ ಪಾಠ ಹೇಳುವ ಕಾಲಕ್ಕೆ ಪುಸ್ತಕಗಳು ಬದಲಾದವು. ಪ್ರೋಟೀನುಗಳು ಬರೀ ಹಾಸಲ್ಲ, ಕೊಬ್ಬಿನ ನಡುವೆ ತೇಲುವ ಬಾಗಿಲುಗಳು, ಒಂದೊಂದು ಬಾಗಿಲು ಒಂದೊಂದು ವಸ್ತುವಿಗೆ ಎಂದು ಬಂತು. ಆ ಪಾಠ ಮಾಡುವಾಗ ಸುಮ್ಮಸುಮ್ಮನೆ ನಗುತ್ತೇನೆಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಆವತ್ತು ಉಂಡು ಕೈತೊಳೆಯುತ್ತಾ ಅತ್ತೆ ಕೇಳಿದರು, "ಇದನ್ನೇನಾ ಪರೀಕ್ಷೇಲಿ ಬರೀಬೇಕಾಗಿರೋದು?"

ಇದೂ ಒಂದು ಎಂದೆ.

"ಹಿಂಗೇ ಹೇಳಿದ್ರೆ ಪಾಸ್ ಮಾಡದೆ ಇನ್ನೇನ್ಮಾಡ್ತಾರೆ. ಸರಿ ಕಣಮ್ಮ, ಹೋಗ್ಬಾ. ಪೆರೇಸಂದ್ರದವಳಿಗೆ ಹೇಳಿ ಕಳಿಸ್ತೀನಿ, ಸೊಪ್ಪು ಕೊಯ್ಯೋಕೆ ಬರ್ತಾಳೆ."

ಪೆರೇಸಂದ್ರಕ್ಕೆ ಕೊಟ್ಟಿದ್ದ ನಾದಿನಿ ಹುಳು ಏಳುವ ಹಿಂದಿನ ದಿನವೇ ಬಂದಿಳಿದು, ನನ್ನ ಕೈಯಿಂದ ಕುಡುಗೋಲು ಕಿತ್ತುಕೊಂಡಳು. ಚಿಂತಾಮಣಿಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸಿದರೆ ಪೊರೆ ಮೊದಲಲ್ಲೇ ಕೂತಿತ್ತು. ಚಿತ್ರ ಬರೆದೆ, ಅದರ ಕೆಲಸ ಬರೆದೆ, ಬರೆಯುತ್ತಲೇ ಹೋದೆ. ಎದ್ದು ನಿಂತು ಇನ್ನೊಂದು ಹಾಳೆ ಕೇಳಿದಾಗ ಮೇಲ್ವಿಚಾರಕರು ಕನ್ನಡಕದ ಮೇಲಿಂದ ನೋಡಿದರು. ಇಡೀ ಹಾಲಿನಲ್ಲಿ ಹಾಗೆ ಕೇಳಿದವಳು ನಾನೊಬ್ಬಳೇ.